ಇನ್ನೂರ ಒಂದನೆಯ ಹಾಸಿಗೆ

ಬಿಸಾಡಲು ಮನಸ್ಸು ಬಾರದ, ಇಟ್ಟುಕೊಳ್ಳಲು ನಾಚಿಕೆಯಾಗುವ ಸಾಮಾನುಗಳಿಗೆ ಎಲ್ಲರ ಮನೆಯಲ್ಲೂ ಒಂದು ಜಾಗ ಇರುತ್ತದೆ. ಕೆಲವರಿಗೆ ಅದು ಅಟ್ಟ, ಕೆಲವರಿಗೆ ಮಂಚದ ಕೆಳಗು. ಸ್ಟೋರಪ್ಪನ ಮನೆಯಲ್ಲಿ ಅದಕ್ಕೆ ಅತಿಥಿ ಕೋಣೆ ಎಂದು ಹೆಸರು.

ಸ್ಟೋರಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ದೊಡ್ಡಾಸ್ಪತ್ರೆಯ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ಹಾಸಿಗೆ, ಹೊದಿಕೆ, ಬಕೆಟ್ಟು, ಫಿನಾಯಿಲುಗಳ ಯಜಮಾನಿಕೆ ಮಾಡಿದ ಮೇಲೆ ಹೆತ್ತವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಉಗ್ರಾಣದಲ್ಲಿ ಒಂದು ದಿಂಬಿನ ಚೀಲ ಆ ಕಪಾಟಿನಿಂದ ಈ ಕಪಾಟಿಗೆ ಹೋದರೂ ಅವನಿಗೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಮಾತ್ರ ದೀಪದ ಕೆಳಗೆ ಕತ್ತಲೆ. ಅತಿಥಿ ಕೋಣೆಯಲ್ಲಿ ಬಟ್ಟೆ ಕಳಚಿದ ಮೂರು ಛತ್ರಿ, ಚಕ್ರವಿಲ್ಲದ ಹೊಲಿಗೆ ಯಂತ್ರ, ಜೋಡಿಯಿಲ್ಲದ ಒಂಟಿ ಚಪ್ಪಲಿಗಳು, ಹನ್ನೊಂದು ವರ್ಷದ ಕ್ಯಾಲೆಂಡರುಗಳು ಮತ್ತು ಬೀರುವಿನ ತಲೆಯ ಮೇಲೆ ಒಂದು ಟ್ರಂಕು ಇದ್ದವು. ಇವೆಲ್ಲದರ ನಡುವೆ ಒಂದು ಮಂಚವೂ ಇದೆ ಎಂದು ಮನೆಯವರು ನಂಬಿದ್ದರು.

ಆರು ವರ್ಷದ ಹಿಂದೆ ಹೆಂಡತಿಯ ಅಕ್ಕ, ಅಂದರೆ ಸ್ಟೋರಪ್ಪನ ಅತ್ತಿಗೆ, ಎಂಟು ದಿನ ಇರುತ್ತೇನೆಂದು ಬಂದವರು ಅದೇ ಮಂಚದಲ್ಲಿ ಮಲಗಿದ್ದರು. ಮಾರನೆಯ ಬೆಳಿಗ್ಗೆ ಮುಖ ತೊಳೆದು ಗೋಡೆಯ ಮೊಳೆಗೆ ಟವೆಲ್ಲು ನೇತುಹಾಕಿದರು. ಆ ಮೊಳೆಯನ್ನು ನಂಬಿ ಒಂದು ಹಗ್ಗ, ಹಗ್ಗವನ್ನು ನಂಬಿ ಬೀರುವಿನ ಮೇಲಿನ ಟ್ರಂಕು ನಿಂತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟ್ರಂಕು ಬಂದು ಮಂಚದ ಮೇಲೆ ಕುಳಿತಿತು, ಮಂಚದ ಕಾಲು ಮುರಿಯಿತು, ಪಕ್ಕದ ಕ್ಯಾಲೆಂಡರುಗಳು ಅತ್ತಿಗೆಯ ಮೇಲೆ ಕವುಚಿಕೊಂಡವು. ಸ್ಟೋರಪ್ಪ ಓಡಿಬಂದು ಅವರನ್ನು ಹೊರಗೆಳೆಯುವಾಗ "ನಿಧಾನ, ಹರಿದೀತು" ಎಂದ. ಕ್ಯಾಲೆಂಡರನ್ನು ಉದ್ದೇಶಿಸಿ ಹೇಳಿದ ಮಾತು ಅದು. ಅತ್ತಿಗೆಗೂ ಅದು ಅರ್ಥವಾಯಿತು. "ಇನ್ನು ಈ ಮನೇಲಿ ಒಂದು ರಾತ್ರಿ ಉಳಿದ್ರೆ ಕೇಳಿ!" ಎಂದು ಚೀಲ ಎತ್ತಿಕೊಂಡು ಹೊರಟರು.

ಅಂದಿನಿಂದ ಅತ್ತಿಗೆ ವರ್ಷಕ್ಕೆ ಎರಡು ಸಲ ಬೆಳಗಿನ ಬಸ್ಸಿಗೆ ಬಂದು ಸಂಜೆ ಐದರ ಬಸ್ಸಿಗೆ ಹೊರಟುಬಿಡುತ್ತಿದ್ದರು. ಮೂರು ಗಂಟೆಯಾಯಿತೆಂದರೆ ಸ್ಟೋರಪ್ಪನ ಹೆಂಡತಿಯ ಮುಖ ಬಾಡುತ್ತಿತ್ತು. ತಾಯಿ ಬೇಗ ಹೋದ ಮನೆಯಲ್ಲಿ ಅವಳಿಗೆ ತಲೆ ಬಾಚಿ, ಊಟ ಮಾಡಿಸಿ, ಬೆನ್ನಿಗೊಂದು ಕೊಟ್ಟು ಬೆಳೆಸಿದವಳು ಅಕ್ಕ. ಆ ಅಕ್ಕ ತನ್ನ ಮನೆಯಲ್ಲಿ ನಾಲ್ಕು ದಿನ ಇರಬೇಕು ಎನ್ನುವುದು ಬಿಟ್ಟರೆ ಅವಳಿಗೆ ಬೇರೆ ದೊಡ್ಡ ಆಸೆ ಇರಲಿಲ್ಲ.

"ಇರು ಅಂತ ಒಂದು ಮಾತು ಹೇಳಬಾರದಾ?" ಎಂದು ಸ್ಟೋರಪ್ಪ ಕೇಳಿದರೆ, "ಯಾವ ಮುಖ ಇಟ್ಕೊಂಡು ಹೇಳ್ಲಿ? ಎಲ್ಲಿ ಮಲಗಿಸ್ಲಿ? ನಿಮ್ಮ ಕ್ಯಾಲೆಂಡರ್ ಮೇಲಾ?" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಗುರುವಾರ ಸಂಜೆ ಅತ್ತಿಗೆಯ ಫೋನು ಬಂತು. ಅವರು ತಮ್ಮ ಓರಗಿತ್ತಿಯ ಮನೆಗೆ ಹೋಗಿ ಬಂದಿದ್ದರಂತೆ. ಅಲ್ಲಿ ಅತಿಥಿಗೆಂದೇ ಒಂದು ಕೋಣೆಯಂತೆ, ಕಿಟಕಿಗೆ ಎರಡೆರಡು ಪರದೆಯಂತೆ, ತಲೆಯ ಹತ್ತಿರ ಪುಟ್ಟ ದೀಪವಂತೆ. "ಎಂಟು ದಿನ ಇದ್ದೆ ಕಣೇ, ಹೊರಡೋಕೇ ಮನಸ್ಸು ಬರಲಿಲ್ಲ" ಎಂದರು. ಹೆಂಡತಿ "ಹೌದಾ ಅಕ್ಕ, ಒಳ್ಳೇದಾಯ್ತು" ಎಂದಳು. ಹೇಳುತ್ತಾ ಅವಳು ಅತಿಥಿ ಕೋಣೆಯ ಬಾಗಿಲಿಗೆ ಬೆನ್ನು ತಿರುಗಿಸಿದ್ದು ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಸ್ಟೋರಪ್ಪನಿಗೂ ಕಂಡಿತು. ಅವನು ಲೋಟ ಕೆಳಗಿಟ್ಟು ಫೋನು ಕಿತ್ತುಕೊಂಡ.

"ಅತ್ತಿಗೆ, ನಮ್ಮ ಗೆಸ್ಟ್ ರೂಮೂ ಪೂರ್ತಿ ಹೊಸದಾಗಿದೆ. ನೀವು ಬಂದು ನೋಡಬೇಕು!"

ಹೆಂಡತಿ ಕೋಣೆಯ ಕಡೆ ತಿರುಗಿ ನೋಡಿದಳು. ಬಾಗಿಲಿನ ಸಂದಿಯಿಂದ ಒಂದು ಛತ್ರಿಯ ಕಡ್ಡಿ ಹೊರಗೆ ಚಾಚಿಕೊಂಡಿತ್ತು.

"ಓಹೋ!" ಎಂದರು ಅತ್ತಿಗೆ. "ಹಾಗಾದ್ರೆ ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತೀನಿ. ನೋಡಿ, ಸಂಜೆ ಬಸ್ಸಿಗೆ ಹೊರಡ್ತೀನಿ."

ಬಾಯಿ ತಪ್ಪಿ ಆಡಿದ ಮಾತಿಗೆ ಹತ್ತು ದಿನದ ಗಡುವು ಸಿಕ್ಕಿತ್ತು. ಸ್ಟೋರಪ್ಪ ಹೆದರಿದನೇ? ಇಲ್ಲ. ಹೆದರಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು.

ಮಾರನೆಯ ದಿನವೇ ಅವನು ರಜೆ ಹಾಕಿ ಕೋಣೆ ಖಾಲಿ ಮಾಡಿದ. ಹೆಂಡತಿ ತನ್ನ ಸಲಹೆಯನ್ನು ಮೆಲ್ಲಗೆ ಮುಂದಿಟ್ಟಳು. ಗೋಡೆಗೆ ತೆಳು ಹಳದಿ ಬಣ್ಣ, ಕಿಟಕಿಗೆ ಹೂವಿನ ಪರದೆ, ಮೂಲೆಯಲ್ಲೊಂದು ಕುರ್ಚಿ ಎಂದಳು.

"ಹೂವಿನ ಪರದೆಯಾ?" ಸ್ಟೋರಪ್ಪ ನಕ್ಕ. "ಕೊಳೆ ಕಾಣಬಾರದು ಅಂತ ಜನ ಹೂವು ಹಾಕ್ತಾರೆ. ನನಗೆ ಹೇಳಿಕೊಡಬೇಡ ಕಣೇ. ಅತಿಥಿ ಸತ್ಕಾರದಲ್ಲಿ ಈ ಊರಲ್ಲಿ ನನ್ನನ್ನ ಮೀರಿಸೋರು ಯಾರಿದಾರೆ? ಇನ್ನೂರು ಹಾಸಿಗೆ! ದಿನಾ ಇನ್ನೂರು ಜನ ಬಂದು ಮಲಗ್ತಾರೆ. ಇವತ್ತಿನವರೆಗೆ ಒಬ್ಬರಾದ್ರೂ ಹಾಸಿಗೆ ಸರಿಯಿಲ್ಲ ಅಂತ ದೂರು ಕೊಟ್ಟಿದಾರಾ?"

"ದೂರು ಕೊಡೋ ಸ್ಥಿತೀಲಿ ಅವರು ಇರ್ತಾರೇನ್ರೀ?"

ಕಲೆಗಾರರು ಇಂಥ ಮಾತಿಗೆಲ್ಲ ಕಿವಿಗೊಡುವುದಿಲ್ಲ. ಶುಕ್ರವಾರದಿಂದ ಸೋಮವಾರದೊಳಗೆ ಸ್ಟೋರಪ್ಪ ತನ್ನ ಇಪ್ಪತ್ತಾರು ವರ್ಷದ ಅನುಭವವನ್ನೆಲ್ಲ ಆ ಕೋಣೆಗೆ ಸುರಿದ. ಗೋಡೆಗೆ ಬೆಳ್ಳಗೆ ಸುಣ್ಣ ಹೊಡೆಸಿದ. ನೆಲದಿಂದ ಎದೆಯೆತ್ತರದವರೆಗೆ ಹಸಿರು ಆಯಿಲ್ ಪೇಂಟ್ ಬಳಿಸಿದ, ಅತಿಥಿಗಳು ತಲೆ ಒರಗಿಸಿದರೆ ಎಣ್ಣೆಯ ಕಲೆ ಒರೆಸಲು ಸುಲಭ ಎಂದು. ಆಸ್ಪತ್ರೆಯವರು ಹಳೆಯದೆಂದು ಹರಾಜಿಗಿಟ್ಟಿದ್ದ ಕಬ್ಬಿಣದ ಮಂಚಗಳಲ್ಲಿ ಒಂದನ್ನು ರಸೀದಿ ಸಮೇತ ತಂದ. ಅದಕ್ಕೆ ಕಾಲ ಬುಡದಲ್ಲಿ ಎರಡು ಹಿಡಿ, ಒಂದನ್ನು ತಿರುಗಿಸಿದರೆ ತಲೆಯ ಕಡೆ ಏಳುತ್ತಿತ್ತು, ಇನ್ನೊಂದನ್ನು ತಿರುಗಿಸಿದರೆ ಕಾಲಿನ ಕಡೆ. ಹಾಸಿಗೆಯ ಮೇಲೆ ಕಂದು ಬಣ್ಣದ ರಬ್ಬರ್ ಹಾಳೆ, ಅದರ ಮೇಲೆ ಗಂಜಿ ಹಾಕಿದ ಬಿಳಿ ಹೊದಿಕೆ. ಮಂಚದ ಮೂರೂ ಕಡೆ ಎಳೆಯಬಹುದಾದ ಹಸಿರು ಪರದೆ. ಶರಟು ನೇತುಹಾಕಲು, ಗ್ಲೂಕೋಸ್ ಬಾಟಲಿ ನೇತುಹಾಕುವ ಆ ಉದ್ದನೆಯ ಸ್ಟ್ಯಾಂಡು. ತಲೆಯ ಹತ್ತಿರ ಒಂದು ಗುಂಡಿ, ಒತ್ತಿದರೆ ಬಾಗಿಲ ಮೇಲೆ ಕೆಂಪು ದೀಪ ಹತ್ತಿ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತಿತ್ತು.

ಮಂಚದ ಕಾಲ ಬುಡಕ್ಕೆ ಒಂದು ರಟ್ಟು ನೇತುಹಾಕಿದ. ಅದರಲ್ಲಿ ಗೆರೆ ಎಳೆದು ಬರೆದಿದ್ದ: ಬಂದ ದಿನ, ಕಾಫಿಗೆ ಸಕ್ಕರೆ, ನಿದ್ದೆ, ಹಸಿವು, ಇತರೆ ವಿಷಯ. ಕೊನೆಗೆ ಮಂಚದ ಮೇಲೆ ಕಪ್ಪು ಬಣ್ಣದಲ್ಲಿ ೨೦೧ ಎಂದು ಅಚ್ಚು ಹಾಕಿದ. ಇನ್ನೂರು ಹಾಸಿಗೆ ಆಸ್ಪತ್ರೆಯಲ್ಲಿವೆ, ಲೆಕ್ಕಕ್ಕೆ ಇದು ಮುಂದಿನದು. ನೆಲಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸಿ ಹೆಂಡತಿಯನ್ನು ಕರೆದ.

ಹೆಂಡತಿ ಬಾಗಿಲಲ್ಲೇ ನಿಂತಳು. "ರೀ, ಇದು ಥೇಟ್ ಆಸ್ಪತ್ರೆ ಥರ ಇದೆ."

"ಅಲ್ವಾ?" ಸ್ಟೋರಪ್ಪನಿಗೆ ಕಣ್ಣಲ್ಲಿ ನೀರು ಬಂತು. "ನೀನು ಒಪ್ತೀಯೋ ಇಲ್ವೋ ಅಂದ್ಕೊಂಡಿದ್ದೆ."

ಇಷ್ಟು ವರ್ಷದಲ್ಲಿ ಗಂಡನ ಕಣ್ಣಲ್ಲಿ ನೀರು ನೋಡಿದ್ದು ಅವಳಿಗೂ ಅದೇ ಮೊದಲು. ಅವಳು ಪೇಂಟಿನ ವಾಸನೆಗೆ ಎದ್ದ ತಲೆನೋವಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಜಗುಲಿಯಲ್ಲಿ ಹೋಗಿ ಕುಳಿತಳು. ನಾಲ್ಕು ದಿನ ಸಾಮಾನು ಹೊತ್ತು ಅವಳ ಕಣ್ಣು ಒಳಗೆ ಹೋಗಿತ್ತು.

ಎದುರುಮನೆಯ ಪೋಸ್ಟ್‌ಮಾಸ್ತರರು ನಿವೃತ್ತರು. ಮೂವತ್ತು ವರ್ಷ ಬೇರೆಯವರ ಸುದ್ದಿಯನ್ನು ಬಿಚ್ಚಿ ನೋಡದೆ ತಲುಪಿಸಿದ ಪುಣ್ಯಾತ್ಮ. ಆ ಬಾಕಿಯನ್ನು ಈಗ ಕಿಟಕಿಯಲ್ಲಿ ಕೂತು ತೀರಿಸಿಕೊಳ್ಳುತ್ತಿದ್ದರು. ಅವರು ಮಂಚ ಬಂದದ್ದು ನೋಡಿದರು, ಸ್ಟ್ಯಾಂಡು ಬಂದದ್ದು ನೋಡಿದರು, ಕೆಂಪು ದೀಪ ಹತ್ತಿ ಆರಿದ್ದು ನೋಡಿದರು. ಫಿನಾಯಿಲ್ ವಾಸನೆ ರಸ್ತೆ ದಾಟಿ ಬಂತು. ಕೊನೆಗೆ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ ಗೃಹಿಣಿಯನ್ನು ನೋಡಿದಾಗ ಅವರಿಗೆ ಇನ್ನು ಕೇಳಬೇಕಾದ್ದೇನೂ ಉಳಿಯಲಿಲ್ಲ.

"ಪಾಪ, ಮನೇಲೇ ಮಲಗಿಸ್ಕೊಳ್ತಾರಂತೆ" ಎಂದು ಹೆಂಡತಿಗೆ ಹೇಳಿದರು. "ಅಂದ್ರೆ ಆಸ್ಪತ್ರೆಯವರು ಕೈ ಬಿಟ್ಟ ಹಾಗೆ."

ಅರ್ಧ ಗಂಟೆಯಲ್ಲಿ ಸುದ್ದಿ ಬೀದಿಯ ತುದಿ ಮುಟ್ಟಿತು. ಅಲ್ಲಿ ದರ್ಜಿ ಅದಕ್ಕೆ ತನ್ನ ಸಾಕ್ಷಿಯನ್ನೂ ಸೇರಿಸಿದ: "ಹಸಿರು ಪರದೆ ಹೊಲಿದವನು ನಾನೇ. ಮೂರೂ ಕಡೆ ಮುಚ್ಚಬೇಕು, ಹೊರಗಿನವರಿಗೆ ಕಾಣಬಾರದು ಅಂದ್ರು. ಆಗ್ಲೇ ನನಗೆ ಅನುಮಾನ ಬಂತು."

ಅದೇ ಸಂಜೆಯಿಂದ ಜನ ಕಿತ್ತಳೆ ಹಣ್ಣು ಹಿಡಿದುಕೊಂಡು ಬರಲಾರಂಭಿಸಿದರು. ಸ್ಟೋರಪ್ಪನಿಗೆ ಹಿಡಿಸಲಾರದಷ್ಟು ಸಂತೋಷ. ತನ್ನ ಕೋಣೆಯ ಕೀರ್ತಿ ಇಷ್ಟು ಬೇಗ ಹಬ್ಬೀತೆಂದು ಅವನೂ ಎಣಿಸಿರಲಿಲ್ಲ.

"ಬನ್ನಿ ಬನ್ನಿ, ನೋಡೋಕೆ ಬಂದ್ರಾ?"

"ಒಂದು ಸಲ ನೋಡ್ಕೊಂಡು ಹೋಗೋಣ ಅಂತ" ಎಂದರು ಮಾಸ್ತರರು ತಗ್ಗಿದ ದನಿಯಲ್ಲಿ.

ಸ್ಟೋರಪ್ಪ ಅವರನ್ನು ಒಳಗೆ ಕರೆದೊಯ್ದು ಪರದೆಯನ್ನು ಸರ್ರನೆ ಎಳೆದು ತೋರಿಸಿದ. "ಈ ಹಿಡಿ ತಿರುಗಿಸಿದ್ರೆ ತಲೆ ಏಳುತ್ತೆ, ನೋಡಿ. ಇದನ್ನ ತಿರುಗಿಸಿದ್ರೆ ಕಾಲು ಏಳುತ್ತೆ. ಎರಡೂ ಒಟ್ಟಿಗೆ ತಿರುಗಿಸಿದ್ರೆ..."

"ಸಾಕು ಬಿಡಿ" ಎಂದು ಮಾಸ್ತರರು ಕಣ್ಣೊರೆಸಿಕೊಂಡರು.

ಸೌಂದರ್ಯಕ್ಕೆ ಕರಗುವ ಮನಸ್ಸು ಎಂದುಕೊಂಡ ಸ್ಟೋರಪ್ಪ. ಅವರ ಬೆನ್ನು ತಟ್ಟಿ, "ನಿಮ್ಮ ಮನೇಲೂ ಒಂದು ಮಾಡಿಸಿ, ನಾನು ಮುಂದೆ ನಿಂತು ಮಾಡಿಸ್ತೀನಿ" ಎಂದು ಧೈರ್ಯ ಹೇಳಿದ. ಮಾಸ್ತರರ ಮುಖ ಬಿಳುಚಿಕೊಂಡಿತು.

ಇತ್ತ ಅಡುಗೆಮನೆಯಲ್ಲಿ ಮಾಸ್ತರರ ಹೆಂಡತಿ ಮನೆಯೊಡತಿಯ ಎರಡೂ ಕೈ ಹಿಡಿದುಕೊಂಡಿದ್ದರು. "ಇಷ್ಟಾದ್ರೂ ನಗ್ತಾ ಓಡಾಡ್ತೀಯಲ್ಲಮ್ಮ. ಎಂಥ ಧೈರ್ಯ ನಿಂದು!"

ಕೋಣೆಯನ್ನು ನೋಡಿ ಬಂದವರು ಹೀಗೆ ಹೇಳಿದಾಗ, ಇಂಥ ಗಂಡನ ಜೊತೆ ಬಾಳುವ ಧೈರ್ಯದ ಬಗ್ಗೆಯೇ ಹೇಳುತ್ತಿದ್ದಾರೆ ಎಂದು ಅವಳು ತಿಳಿದದ್ದರಲ್ಲಿ ತಪ್ಪಿಲ್ಲ. "ಏನ್ ಮಾಡೋದು ಹೇಳಿ. ಇಪ್ಪತ್ತೆರಡು ವರ್ಷದಿಂದ ಇದೆ. ಅಭ್ಯಾಸ ಆಗಿಹೋಗಿದೆ."

"ಇಪ್ಪತ್ತೆರಡು ವರ್ಷ! ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ತಾನೇ ಏನು? ಇದಕ್ಕೆಲ್ಲ ಔಷಧಿ ಇದೆಯಾ?"

ಮಾಸ್ತರರ ಹೆಂಡತಿ ಬಾಯಿಗೆ ಬಟ್ಟೆ ಒತ್ತಿಕೊಂಡು ಹೊರಗೆ ಓಡಿದರು. ಮಂಗಳವಾರ ಬೆಳಿಗ್ಗೆ ಎಣಿಸಿದಾಗ ಮನೆಯಲ್ಲಿ ನೂರ ಹದಿನಾಲ್ಕು ಕಿತ್ತಳೆ ಹಣ್ಣುಗಳಿದ್ದವು. ಇಷ್ಟು ಒಳ್ಳೆಯ ಜನರ ಬೀದಿಯಲ್ಲಿ ಇಷ್ಟು ವರ್ಷ ಇದ್ದೂ ತನಗೆ ತಿಳಿಯಲಿಲ್ಲವಲ್ಲ ಎಂದು ಸ್ಟೋರಪ್ಪ ಪಶ್ಚಾತ್ತಾಪಪಟ್ಟ.

ಅದೇ ದಿನ ಮಧ್ಯಾಹ್ನ ಪುರಸಭೆಯ ಆರೋಗ್ಯ ನಿರೀಕ್ಷಕರು ಬಂದರು. ಷರಾಯಿ ಸಡಿಲ ಮಾಡಿಸಲು ದರ್ಜಿಯ ಅಂಗಡಿಗೆ ಹೋಗಿದ್ದಾಗ ಅವರಿಗೆ ವಿಷಯ ತಿಳಿದಿತ್ತು. ಪರವಾನಗಿ ಇಲ್ಲದೆ ಮನೆಯಲ್ಲಿ ನರ್ಸಿಂಗ್ ಹೋಮ್ ನಡೆಸುವುದು ಎಂಥ ಅಪರಾಧವೆಂದು ಅವರು ಹೊಸ್ತಿಲಲ್ಲೇ ನಿಂತು ಹೇಳಲು ಶುರು ಮಾಡಿದರು. ಊಟಕ್ಕೆ ಮನೆಗೆ ಬಂದಿದ್ದ ಸ್ಟೋರಪ್ಪನಿಗೆ ಒಂದೂ ಅರ್ಥವಾಗಲಿಲ್ಲ. ಆದರೂ ಸರ್ಕಾರಿ ಮನುಷ್ಯ ಕೋಣೆ ನೋಡಲು ಬಂದಿದ್ದಾರೆ ಎನ್ನುವಷ್ಟು ಅರ್ಥವಾಯಿತು.

"ಬನ್ನಿ ಸಾರ್, ನೀವು ನೋಡಲೇಬೇಕಾದ್ದು!"

ನಿರೀಕ್ಷಕರು ಮಂಚದ ಸುತ್ತ ಒಂದು ಸುತ್ತು ಹಾಕಿದರು. ಕನ್ನಡಕ ಏರಿಸಿ ಅಂಕಿ ಓದಿದರು. ಅವರ ಧ್ವನಿ ಬದಲಾಯಿತು.

"ಇನ್ನೂರ ಒಂದು?"

"ಹೌದು ಸಾರ್."

"ಉಳಿದ ಇನ್ನೂರು ಎಲ್ಲಿಟ್ಟಿದ್ದೀರಿ?"

"ಅವು ದೊಡ್ಡಾಸ್ಪತ್ರೇಲಿವೆ ಸಾರ್."

"ಅಂದ್ರೆ ಅದೂ ನಿಮ್ಮದೇ?"

"ನನ್ನ ಕೈಕೆಳಗೇ ಸಾರ್, ಇಪ್ಪತ್ತಾರು ವರ್ಷದಿಂದ."

ನಿರೀಕ್ಷಕರು ನಂಬಲಿಲ್ಲ. ಹಿತ್ತಲಿಗೆ ಹೋದರು, ಬಚ್ಚಲು ನೋಡಿದರು, ಏಣಿ ತರಿಸಿ ಅಟ್ಟ ಹತ್ತಿದರು. ಅಟ್ಟಕ್ಕೆ ವರ್ಗವಾಗಿದ್ದ ಹನ್ನೊಂದು ವರ್ಷದ ಕ್ಯಾಲೆಂಡರುಗಳು ಅವರ ಮೇಲೆ ಉರುಳಿದವು. ಧೂಳು ಕೊಡವಿಕೊಂಡು ಇಳಿದು ಬಂದು, ಇನ್ನೂರು ಹಾಸಿಗೆ ಸಿಗದ ನಿರಾಸೆಯಲ್ಲಿ, ಪುಸ್ತಕ ತೆಗೆದು ಬರೆದರು: ಹಾಸಿಗೆ ಒಂದು, ರೋಗಿ ಇಲ್ಲ, ಶುಚಿತ್ವ ತೃಪ್ತಿಕರ. ಸ್ಟೋರಪ್ಪ ಅದರ ಒಂದು ಪ್ರತಿಯನ್ನು ಕೇಳಿ ಪಡೆದು ಕೋಣೆಯ ಗೋಡೆಗೆ ಅಂಟಿಸಿದ. ಸರ್ಕಾರವೇ ಒಪ್ಪಿದ ಗೆಸ್ಟ್ ರೂಮು ಅತ್ತಿಗೆಯ ಓರಗಿತ್ತಿಯ ಮನೆಯಲ್ಲಿ ಇದೆಯೇ?

ರೋಗಿ ಇಲ್ಲ ಎಂಬ ಸುದ್ದಿ ಮಾತ್ರ ಬೀದಿಗೆ ಬೇರೆ ರೀತಿಯಲ್ಲಿ ತಲುಪಿತು. ಬಚ್ಚಿಟ್ಟಿದ್ದಾರೆ ಎಂದರು ಜನ. ಪೋಸ್ಟ್‌ಮಾಸ್ತರರಿಗೆ ಇನ್ನು ತಡೆಯಲಾಗಲಿಲ್ಲ. ಆರು ವರ್ಷದ ಹಿಂದೆ ಟ್ರಂಕು ಬಿದ್ದ ಸದ್ದಿಗೆ ಮೊದಲು ಓಡಿಬಂದು ಅತ್ತಿಗೆಯನ್ನು ಬಸ್ಸು ಹತ್ತಿಸಿದವರು ಅವರೇ. ಅತ್ತಿಗೆಯ ಫೋನ್ ನಂಬರ್ ಅಂದಿನಿಂದ ಅವರಲ್ಲಿತ್ತು. "ತಂಗಿನ ನೋಡಬೇಕಾದ್ರೆ ಭಾನುವಾರದ ತನಕ ಕಾಯಬೇಡಿ" ಎಂದಷ್ಟೇ ಹೇಳಿ ಫೋನ್ ಇಟ್ಟರು. ಹೆಚ್ಚು ಹೇಳಿದರೆ ಆ ಜೀವ ತಾಳಲಾರದು ಎನ್ನುವ ಸೂಕ್ಷ್ಮ ಅವರಿಗಿತ್ತು.

ಬುಧವಾರ ಬೆಳಿಗ್ಗೆ ಸ್ಟೋರಪ್ಪ ಕೆಲಸಕ್ಕೆ ಹೊರಡುವ ಮುಂಚೆ ಹೆಂಡತಿಗೆ ಒಂದು ಕೆಲಸ ಒಪ್ಪಿಸಿದ. ಉಗ್ರಾಣದ ನಿಯಮದಂತೆ ಯಾವ ಹಾಸಿಗೆಯನ್ನೂ ಪರೀಕ್ಷೆ ಮಾಡದೆ ಬಳಕೆಗೆ ಕೊಡುವಂತಿಲ್ಲ. ಆದ್ದರಿಂದ ಅವಳು ಒಂದು ಗಂಟೆ ಅದರ ಮೇಲೆ ಮಲಗಿ, ಎಲ್ಲೆಲ್ಲಿ ಚುಚ್ಚುತ್ತದೆ ಎಂದು ರಟ್ಟಿನಲ್ಲಿ ಬರೆಯಬೇಕು. ಅವಳು ತಲೆಯ ಕಡೆಯನ್ನು ಸ್ವಲ್ಪ ಏರಿಸಿಕೊಂಡು ಮಲಗಿದಳು. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಹೀಗೆ ಮಲಗಿದ್ದು ಅವಳಿಗೆ ನೆನಪಿರಲಿಲ್ಲ. ಎಲ್ಲೂ ಚುಚ್ಚಲಿಲ್ಲ. ಅರೆ ನಿದ್ದೆ ಹತ್ತುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

ದೊಡ್ಡ ಚೀಲ, ಕೆದರಿದ ತಲೆ, ಅತ್ತು ಅತ್ತು ಊದಿದ ಮುಖ. ಅಕ್ಕ!

ಅತ್ತಿಗೆ ಹಸಿರು ಗೋಡೆ ನೋಡಿದರು, ಸ್ಟ್ಯಾಂಡು ನೋಡಿದರು, ಕಾಲ ಬುಡದ ರಟ್ಟು ನೋಡಿದರು. ಚೀಲ ಕೈಯಿಂದ ಜಾರಿತು. "ಅಯ್ಯೋ ನನ್ನ ಕಂದ!" ಎಂದು ಬಂದು ತಂಗಿಯನ್ನು ತಬ್ಬಿಕೊಂಡರು.

ತಂಗಿಗೆ ಎಲ್ಲವೂ ಒಂದೇ ಸಲಕ್ಕೆ ಹೊಳೆಯಿತು. ಕಿತ್ತಳೆ ಹಣ್ಣು, ಧೈರ್ಯ, ಔಷಧಿ ಎಲ್ಲಾ. "ಅಕ್ಕ, ನಂಗೇನೂ..." ಎಂದು ಬಾಯಿ ತೆರೆದಳು.

"ಮಾತಾಡಬೇಡ! ಆಯಾಸ ಆಗುತ್ತೆ. ನಾನು ಬಂದಿದೀನಲ್ಲ. ನೀನು ಹುಷಾರಾಗೋ ತನಕ ಇಲ್ಲೇ ಇರ್ತೀನಿ. ಬಸ್ಸಿನ ಮಾತೇ ಇಲ್ಲ."

ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಆರು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಸತ್ಯಕ್ಕೆ ಸಾವಿಲ್ಲವಂತೆ, ಹಾಗಾದರೆ ಅದು ನಾಲ್ಕು ದಿನ ಕಾಯಲಿ ಎಂದು ಅವಳು ನಿರ್ಧರಿಸಿದಳು.

"ಸ್ವಲ್ಪ ಸುಸ್ತು ಅಕ್ಕ" ಎಂದು ಕಣ್ಣು ಮುಚ್ಚಿದಳು.

ಸಂಜೆ ಸ್ಟೋರಪ್ಪ ಮನೆಗೆ ಬಂದಾಗ ಕೋಣೆಯ ಬಾಗಿಲಲ್ಲೇ ಕಲ್ಲಾಗಿ ನಿಂತ. ಯಾರಿಗಾಗಿ ಇಷ್ಟೆಲ್ಲ ಮಾಡಿದ್ದನೋ ಆ ಅತಿಥಿ ಸ್ಟೂಲಿನ ಮೇಲೆ ಕುಳಿತಿದ್ದಾರೆ, ಮನೆಯ ಹೆಂಗಸು ಮಂಚದ ಮೇಲೆ ಮಲಗಿದ್ದಾಳೆ, ಗಂಜಿ ಹಾಕಿದ ಹೊದಿಕೆ ಮುದ್ದೆಯಾಗಿದೆ!

"ಏನೇ ಇದು? ಏಳು! ಹೊದಿಕೆ ಸುಕ್ಕಾಯ್ತು!"

ಅತ್ತಿಗೆ ಎದ್ದು ನಿಂತರು. "ನಿಮಗೆ ಮನುಷ್ಯತ್ವ ಇದೆಯೇನ್ರೀ? ಅವಳು ಏಳೋಕಾಗದೆ ಮಲಗಿದಾಳೆ, ನಿಮಗೆ ಹೊದಿಕೆ ಚಿಂತೆ! ಆರು ವರ್ಷದ ಹಿಂದೆ ಕ್ಯಾಲೆಂಡರು, ಈಗ ಹೊದಿಕೆ!"

"ಏಳೋಕಾಗಲ್ವಾ? ಬೆಳಿಗ್ಗೆ ಎರಡು ಬಕೆಟ್ ನೀರು..." ಎನ್ನುವಷ್ಟರಲ್ಲಿ ಹೆಂಡತಿ ಅಕ್ಕನ ಬೆನ್ನ ಹಿಂದಿನಿಂದ ಕೈ ಮುಗಿದಳು. ಸ್ಟೋರಪ್ಪನಿಗೆ ಅವಳ ಮುಖ ಕಂಡಿತು. ಎಷ್ಟೋ ವರ್ಷದಿಂದ ಅಲ್ಲಿ ಇಲ್ಲದ ಕಳೆ ಬಂದಿತ್ತು. ಅವನು "ಎರಡು ಬಕೆಟ್ ನೀರು ನಾನೇ ತುಂಬಿಟ್ಟೆ ಅಂದೆ" ಎಂದ. ಅಂದಿನಿಂದ ಅವನೇ ತುಂಬಬೇಕಾಯಿತು.

ಮುಂದಿನ ಆರು ದಿನ ಸ್ಟೋರಪ್ಪನ ಪಾಡು ನಾಯಿಪಾಡು. ಹೆಂಡತಿಗೆ ಏಳುವಂತಿಲ್ಲ, ಅತ್ತಿಗೆ ರೋಗಿಯನ್ನು ಬಿಟ್ಟು ಬರುವಂತಿಲ್ಲ, ಒಲೆಯ ಮುಂದೆ ಉಳಿದವನು ಅವನೊಬ್ಬನೇ. ಮೊದಲ ದಿನ ಅವನು ಬೇಯಿಸಿದ ಗಂಜಿಯನ್ನು ಅತ್ತಿಗೆ ಪಾತ್ರೆಯೊಂದಿಗೆ ತಲೆಕೆಳಗು ಮಾಡಿದರೂ ಗಂಜಿ ಬೀಳಲಿಲ್ಲ. ಎರಡನೆಯ ದಿನ ಅನ್ನ ತಳ ಹತ್ತಿತು. ತಾನೇ ಹಾಕಿಸಿದ ಗಂಟೆ ಅಡುಗೆಮನೆಯಲ್ಲಿ ತನ್ನ ಕಿವಿಯ ಪಕ್ಕದಲ್ಲೇ ಬಾರಿಸುತ್ತದೆ ಎಂದು ಅವನು ಆಗ ಯೋಚಿಸಿರಲಿಲ್ಲ. ಬಿಸಿನೀರಿಗೆ ಒಮ್ಮೆ ಟ್ರಿಣ್, ಕಿತ್ತಳೆ ರಸಕ್ಕೆ ಎರಡು ಸಲ, ಸುಮ್ಮನೆ ಮೂರು ಸಲ. ಓಡಿ ಹೋದರೆ ಹಸಿರು ಪರದೆಯ ಒಳಗೆ ಅಕ್ಕ ತಂಗಿಯರ ಕಿಸಿಕಿಸಿ ನಗು ಕೇಳುತ್ತಿತ್ತು. ಅವನ ಹೆಜ್ಜೆಯ ಸದ್ದಾದೊಡನೆ ಒಳಗಿಂದ ಒಂದು ನರಳಾಟ.

"ರೋಗಿ ನಗ್ತಾ ಇದ್ದ ಹಾಗಿತ್ತು?" ಎಂದು ಒಮ್ಮೆ ಕೇಳಿದ.

"ಜ್ವರ ತಲೆಗೇರಿದ್ರೆ ಹಾಗೇ" ಎಂದರು ಅತ್ತಿಗೆ.

ರಟ್ಟಿನ ಮೇಲೆ ಅತ್ತಿಗೆ ದಿನವೂ ಬರೆಯುತ್ತಿದ್ದರು. ನಿದ್ದೆ: ಒಂಬತ್ತು ಗಂಟೆ. ಹಸಿವು: ಇದೆ. ಇತರೆ ವಿಷಯ: ಗಂಡನಿಗೆ ಸಾರು ಮಾಡಲು ಬರುವುದಿಲ್ಲ.

ಏಳನೆಯ ದಿನ, ಮಂಗಳವಾರ, ಸ್ಟೋರಪ್ಪ ಆಸ್ಪತ್ರೆಯ ದೊಡ್ಡ ಡಾಕ್ಟರ ಮುಂದೆ ನಿಂತು ಮಧ್ಯಾಹ್ನ ಬೇಗ ಹೊರಡಲು ಅಪ್ಪಣೆ ಕೇಳಿದ. ಯಾಕೆ ಎಂದರು ಅವರು. ಸುಳ್ಳು ಹೇಳುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಗಂಜಿ ಬೇಯಿಸಬೇಕು ಸಾರ್."

ಕೆದಕಿದಾಗ, ಅವನ ಹೆಂಡತಿ ಆರು ದಿನದಿಂದ ಹಾಸಿಗೆ ಹಿಡಿದಿರುವ ವಿಷಯ ಹೊರಬಿತ್ತು. ಡಾಕ್ಟರಿಗೆ ಕೋಪ ನೆತ್ತಿಗೇರಿತು. "ಇಷ್ಟು ದೊಡ್ಡ ಆಸ್ಪತ್ರೆ ಇದೆ, ನಾನಿದ್ದೀನಿ. ನಮ್ಮ ಸ್ಟೋರ್‌ನವನ ಹೆಂಡತಿ ಮನೇಲಿ ಮಲಗಿರೋದಾ? ನಡೀರಿ!" ಎಂದು ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿಕೊಂಡು ಎದ್ದೇಬಿಟ್ಟರು. ಸ್ಟೋರಪ್ಪ "ಬೇಡ ಸಾರ್, ಅಷ್ಟೇನಿಲ್ಲ ಸಾರ್" ಎಂದು ಜೀಪಿನವರೆಗೂ ಹಿಂದೆ ಓಡಿದ. ಹಾಗೆಂದಷ್ಟೂ ಡಾಕ್ಟರು ಬೇಗ ಬೇಗ ಹೆಜ್ಜೆ ಹಾಕಿದರು.

ಡಾಕ್ಟರ ಜೀಪು ಮನೆಯ ಮುಂದೆ ನಿಂತದ್ದೇ ತಡ, ಬೀದಿ ಖಾಲಿಯಾಗಿ ಕೋಣೆಯ ಬಾಗಿಲು ತುಂಬಿತು. ಮುಂದಿನ ಸಾಲಿನಲ್ಲಿ ಪೋಸ್ಟ್‌ಮಾಸ್ತರರು, ಅವರ ಹಿಂದೆ ಅವರ ಹೆಂಡತಿ, ಕುತ್ತಿಗೆಗೆ ಟೇಪು ಹಾಕಿಕೊಂಡ ದರ್ಜಿ.

ಡಾಕ್ಟರು ಒಳಗೆ ಕಾಲಿಟ್ಟವರು ಒಂದು ಕ್ಷಣ ತಬ್ಬಿಬ್ಬಾದರು. ತಾವು ಈಗಷ್ಟೇ ಬಿಟ್ಟು ಬಂದ ವಾರ್ಡಿಗೇ ಮರಳಿ ಬಂದಂತಾಗಿತ್ತು. ಅಭ್ಯಾಸ ಬಲದಿಂದ ರಟ್ಟು ತೆಗೆದು ಓದಿದರು. "ಕಾಫಿಗೆ ಸಕ್ಕರೆ ಎರಡು ಚಮಚ" ಎಂದು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ನಾಡಿ ಹಿಡಿದರು, ಎದೆ ನೋಡಿದರು, ನಾಲಗೆ ಚಾಚಿಸಿದರು, ಕಣ್ಣಿನ ರೆಪ್ಪೆ ಎಳೆದರು. ಮತ್ತೊಮ್ಮೆ ನಾಡಿ ಹಿಡಿದರು.

"ಇಷ್ಟು ಒಳ್ಳೇ ನಾಡಿ ನಮ್ಮ ಇನ್ನೂರು ಹಾಸಿಗೇಲಿ ಒಂದರಲ್ಲೂ ಇಲ್ಲ" ಎಂದರು. "ಏನಮ್ಮಾ ಕಾಯಿಲೆ?"

ಹೆಂಡತಿ ಗಂಡನನ್ನು ನೋಡಿದಳು. ಅವನು ಕಿಟಕಿ ನೋಡುತ್ತಿದ್ದ. ಆಮೇಲೆ ಅಕ್ಕನನ್ನು ನೋಡಿದಳು, ಅಳು ಒತ್ತರಿಸಿ ಬಂತು.

"ನಂಗೇನೂ ಆಗಿಲ್ಲ ಅಕ್ಕ. ಇದು ಗೆಸ್ಟ್ ರೂಮು. ನಿನಗೆ ಅಂತಾನೇ ಇವರು ಮಾಡಿದ್ದು. ಜನ ತಪ್ಪು ತಿಳ್ಕೊಂಡ್ರು. ನೀನು ಇಲ್ಲೇ ಇರ್ತೀನಿ ಅಂದ್ಯಲ್ಲ, ನನಗೆ ನಿಜ ಹೇಳೋಕೆ ಆಗ್ಲಿಲ್ಲ. ಹೇಳಿದ್ರೆ ಸಂಜೆ ಬಸ್ಸಿಗೆ ಹೊರಟುಬಿಡ್ತೀಯ ಅಂತ..."

ಬಾಗಿಲಲ್ಲಿ ಗುಜುಗುಜು ಎದ್ದಿತು. ಸ್ಟೋರಪ್ಪ ಇನ್ನೇನು ಚೀಲ ಹೊರಗೆ ಬರುತ್ತದೆ, ಇನ್ನೇನು ಅತ್ತಿಗೆ ಈ ಜನ್ಮದಲ್ಲಿ ಹೊಸ್ತಿಲು ತುಳಿಯುವುದಿಲ್ಲ ಎಂದು ಎದೆ ಹಿಡಿದುಕೊಂಡ. ಅಷ್ಟು ದಿನ ಬೆಂದ ಗಂಜಿಯೆಲ್ಲ ದಂಡವಾಯಿತಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

ಅತ್ತಿಗೆ ಮಾತ್ರ ಸ್ಟೂಲಿನಿಂದ ಅಲುಗಾಡಲಿಲ್ಲ.

"ಗೊತ್ತು" ಎಂದರು.

"ಗೊತ್ತಾ? ಯಾವಾಗಿಂದ?"

"ಬಂದ ದಿನ ಮಧ್ಯಾಹ್ನದಿಂದ. ಗಂಟಲಲ್ಲಿ ಅನ್ನ ಇಳಿಯಲ್ಲ ಅಂದ್ಯಲ್ಲ, ಆಮೇಲೆ ಮೂರು ಸಲ ಹಾಕಿಸ್ಕೊಂಡೆ ನೀನು. ನಿನ್ನ ಸುಳ್ಳು ನನಗೆ ಗೊತ್ತಾಗಲ್ವೇನೇ? ಪರೀಕ್ಷೆ ದಿನ ಹೊಟ್ಟೆನೋವು ಅಂತ ಮಲಗ್ತಿದ್ದಾಗಿನಿಂದ ನೋಡಿದೀನಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅತ್ತಿಗೆ ಮೂಗು ಒರೆಸಿಕೊಂಡರು. "ಹೇಳಿದ್ರೆ ಹೊರಡಬೇಕಿತ್ತಲ್ಲ! ನನಗೇನು ಆ ಐದು ಗಂಟೆ ಬಸ್ಸಿನ ಮೇಲೆ ಪ್ರೀತಿನಾ? ಕೋಪದಲ್ಲಿ ಒಂದು ಮಾತು ಅಂದೆ, ಹೌದು. ಆರು ವರ್ಷದಲ್ಲಿ ಒಂದೇ ಒಂದು ಸಲ, ಇವತ್ತು ಇರು ಅಕ್ಕ ಅಂತ ನೀನಾದ್ರೂ ಅಂದ್ಯಾ? ಪ್ರತಿ ಸಲ ನಾನು ನಾಲ್ಕೂವರೆ ತನಕ ಕಾಯ್ತಿದ್ದೆ. ನೀನು ಗಡಿಯಾರ ನೋಡ್ತಾ ಕೂತಿರ್ತಿದ್ದೆ. ಇವಳಿಗೆ ನಾನು ಹೋದ್ರೆ ಸಾಕಾಗಿದೆ ಅಂದ್ಕೊಂಡು ಚೀಲ ಎತ್ಕೊಳ್ತಿದ್ದೆ."

"ನಿನ್ನ ಎಲ್ಲಿ ಮಲಗಿಸ್ಲಿ ಅಂತ ನಾನು..."

"ನೆಲದ ಮೇಲೆ ಮಲಗಿಸು! ಚಿಕ್ಕವರಿದ್ದಾಗ ಮಂಚ ಇತ್ತಾ ನಮಗೆ?"

ತಂಗಿ ಅಕ್ಕನನ್ನು ಮಂಚದ ಮೇಲಕ್ಕೆ ಎಳೆದುಕೊಂಡಳು, ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಪೋಸ್ಟ್‌ಮಾಸ್ತರರೂ ಅತ್ತರು. ತಾವು ಮಾಡಿದ ಫೋನಿನ ವಿಷಯ ಎತ್ತಲು ಇದು ಸರಿಯಾದ ಸಮಯವೋ ಅಲ್ಲವೋ ಎಂದು ತಿಳಿಯದೆ, "ಒಟ್ಟಿನಲ್ಲಿ ಒಳ್ಳೇದೇ ಆಯ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಡಾಕ್ಟರು ಏನು ಮಾಡಬೇಕೆಂದು ತೋಚದೆ ಮಂಚದ ಹಿಡಿಯನ್ನು ತಿರುಗಿಸಿದರು. ತಬ್ಬಿಕೊಂಡಿದ್ದ ಇಬ್ಬರ ಕಾಲೂ ಮೇಲೆದ್ದವು.

ಕಾಲು ಕೆಳಗಿಳಿದ ಮೇಲೆ ಅತ್ತಿಗೆ ಮುಖ ಒರೆಸಿಕೊಂಡು ಎದ್ದು ನಿಂತರು. ದಿಂಬು ಕೊಡವಿದರು.

"ಸರಿ, ಏಳು ಈಗ. ಆರು ದಿನ ರಾಣಿ ಹಾಗೆ ಮಲಗಿದ್ದಾಯ್ತು. ಇನ್ನು ನನ್ನ ಪಾಳಿ."

ತಂಗಿಯನ್ನು ಪಕ್ಕಕ್ಕೆ ಸರಿಸಿ ತಾವು ಮಂಚ ಹತ್ತಿದರು. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು, ತಲೆಯ ಕಡೆ ಇನ್ನೂ ಸ್ವಲ್ಪ ಏರಿಸುವಂತೆ ಸ್ಟೋರಪ್ಪನಿಗೆ ಕಣ್ಣಲ್ಲೇ ಹೇಳಿದರು. ಅವನು ಹಿಡಿ ತಿರುಗಿಸಿದ.

"ಡಾಕ್ಟ್ರೇ, ನೀವು ಬಂದದ್ದು ಬಂದಿದೀರಿ" ಎಂದರು ಅತ್ತಿಗೆ. "ಹದಿನೈದು ದಿನ ಕದಲೋ ಹಾಗಿಲ್ಲ ಅನ್ನೋ ಅಂಥದ್ದು ಯಾವುದಾದ್ರೂ ಒಂದು ಕಾಯಿಲೆ ನನ್ನ ಹೆಸರಿಗೆ ಬರೆದುಕೊಡಿ. ನಮ್ಮ ಮನೆಯವರಿಗೆ ತೋರಿಸಬೇಕು."

ಡಾಕ್ಟರು ಒಮ್ಮೆ ಅಕ್ಕನನ್ನು, ಒಮ್ಮೆ ತಂಗಿಯನ್ನು ನೋಡಿ ಜೇಬಿನಿಂದ ಪೆನ್ನು ತೆಗೆದರು.

"ಹದಿನೈದು ಸಾಕಾಗುತ್ತಾ?"

"ಇಪ್ಪತ್ತು ಬರೀರಿ" ಎಂದ ಸ್ಟೋರಪ್ಪ, ಅನ್ನಕ್ಕಿಡಲು ಅಡುಗೆಮನೆಯ ಕಡೆ ಹೊರಡುತ್ತಾ.